ಅಗ್ಗದ ಸ್ಕ್ಯಾನರು ಮತ್ತು ಅಮ್ಮನ ಕೈ

ಅಮ್ಮನ ಹೊಲಿಗೆ ಕೋಣೆಯಿಂದ,
ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನ್ನ ಮೊಣಕಾಲು ಈಗಲಾದರೂ ಮೆಟ್ಟಿಲು ಹತ್ತಲು ಒಪ್ಪುತ್ತಿದೆಯೋ, ಇನ್ನೂ ಮುಷ್ಕರ ಹೂಡಿ ಕೂತಿದೆಯೋ? ಕೆಲಸದಲ್ಲಿದ್ದಷ್ಟು ಕಾಲ ಆಸ್ಪತ್ರೆಯಲ್ಲಿ ಊರವರಿಗೆಲ್ಲ "ಕಾಲು ಮಡಚಿ, ಕಾಲು ಚಾಚಿ" ಎಂದು ಗದರಿಸಿದ ನರ್ಸಮ್ಮ ನೀನು. ನಿನ್ನ ಕಾಲಿಗೆ ಮಾತ್ರ ಆ ವ್ಯಾಯಾಮ ಮಾಡಿಸುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಕಳಿಸಿದ ಮುಲಾಮು ಹಚ್ಚಿಕೋ. ಔಷಧಿ ಅಂಗಡಿಯಲ್ಲಿ ಕೂರುವವಳು ಎಂದು ಹೇಳುತ್ತಿಲ್ಲ, ತಂಗಿ ಎಂದು ಹೇಳುತ್ತಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ಕಿವಿ ಸ್ವಲ್ಪ ಮಂದವಾಗಿದೆ, ಆದರೆ ಅವಳಿಗೆ ಕೇಳಿಸಬಾರದು ಎಂದು ಪಿಸುಗುಟ್ಟಿದ್ದು ಮಾತ್ರ ಅಡುಗೆಮನೆಯಲ್ಲಿದ್ದರೂ ಕೇಳಿಸುತ್ತದೆ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಾಳೆ, ಪೋಣಿಸಿ ಕೊಟ್ಟರೆ "ಇಷ್ಟುದ್ದ ಯಾಕೆ ಬಿಟ್ಟೆ" ಅನ್ನುತ್ತಾಳೆ. ನನ್ನ ಆರೋಗ್ಯ ಕೇಳಬೇಡ. ನನಗೆ ಈ ವಾರ ಬಂದಿರುವುದು ಕೋಪ, ಅದು ಇನ್ನೂ ಇಳಿದಿಲ್ಲ.

ವಿಷಯ ಹೇಳಿಬಿಡುತ್ತೇನೆ. ಅಮ್ಮನಿಗೆ ಎಂಬತ್ತು ತುಂಬುತ್ತದಲ್ಲ, ಆ ದಿನಕ್ಕೆ ಮನೆಯ ಹಳೆಯ ಫೋಟೋಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಅಚ್ಚು ಹಾಕಿಸಿ ನೆಂಟರಿಗೆಲ್ಲ ಹಂಚಬೇಕು ಎಂದು ಅಣ್ಣ ಹೊರಟಿದ್ದಾನೆ. ಯೋಚನೆ ಒಳ್ಳೆಯದೇ. ಅದರ ಬೆನ್ನಿಗೇ ಬಂದ ಅಪ್ಪಣೆ ಕೇಳು: "ಅವಳ ಫೋಟೋ ಯಾವುದೂ ಬೇಡ. ಅಪ್ಪ ಇಲ್ಲ ಅಂತ ಅಪ್ಪನ ಮಾತು ಮೀರೋದು ಬೇಡ." ಅವಳು ಅಂದರೆ ನೀನು. ಬೇಡ ಎಂದರೂ ಕೇಳದೆ ಒಂದು ಪೆಟ್ಟಿಗೆ ಹಿಡಿದುಕೊಂಡು ನರ್ಸಿಂಗ್ ಓದಲು ಹೋದೆಯಲ್ಲ, ಅದೇ ನಿನ್ನ ಮಹಾಪರಾಧ. ಆ ವಾರವೇ ಅಪ್ಪ "ಈ ಮನೇಲಿ ಅಂಥ ಮಗಳು ಇರ್ಲೇ ಇಲ್ಲ" ಎಂದು ಅಮ್ಮನ ಕೈಗೆ ಅವಳದೇ ಕತ್ತರಿ ಕೊಟ್ಟು, ಎಲ್ಲ ಫೋಟೋಗಳಿಂದ ನಿನ್ನನ್ನು ತೆಗೆಸಿದರು. ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಆದರೂ ನೀನು "ಅಮ್ಮ ಬಾ ಅನ್ನಲಿ, ಆಮೇಲೆ ನೋಡೋಣ" ಎಂದು ಬರೆಯುತ್ತೀಯ. ಅಮ್ಮ "ಅವಳ ಮನೆಗೆ ಅವಳು ಬರೋಕೆ ನಾನು ಕರೀಬೇಕಾ" ಎನ್ನುತ್ತಾಳೆ. ಇಬ್ಬರು ಹಠಮಾರಿಗಳ ನಡುವೆ ಕಾಗದ ಹೊರುವ ಕೆಲಸ ನನ್ನದು. ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ. ಆ ಪುಸ್ತಕದಲ್ಲಿ ನೀನು ಇರಬೇಕೋ ಬೇಡವೋ ಎಂಬುದೇ ಈಗ ಮನೆಯ ಜಗಳ. ಇರಬೇಕು ಎಂದು ನಾನು ಅಣ್ಣನ ಮುಖಕ್ಕೇ ಹೇಳಿದೆ. ಹಾಗೆ ಹೇಳುವಾಗ ಆ ಕಾಲದ ನಿನ್ನದೊಂದು ಚೂರು ಫೋಟೋ ಕೂಡ ನನ್ನ ಹತ್ತಿರ ಇರಲಿಲ್ಲ, ಆದರೆ ಜಗಳವಾಡಲು ಅದೆಲ್ಲ ಇರಲೇಬೇಕು ಎಂದೇನೂ ಇಲ್ಲ.

ಫೋಟೋಗಳ ಡಬ್ಬವನ್ನು ಹಾಗೇ ಎತ್ತಿ ಸ್ಟುಡಿಯೋದವನಿಗೆ ಕೊಟ್ಟುಬಿಡು ಎಂದ ಅಣ್ಣ. ಕೊಡಲಿಲ್ಲ. ಹಿಂದೊಮ್ಮೆ ಅಪ್ಪ ಅಮ್ಮನ ಒಂದು ಫೋಟೋ ಅವನಿಗೆ ಕೊಟ್ಟಿದ್ದೆವು. ಅಮ್ಮನ ಮುಖಕ್ಕೆ ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿ, ಹಿಂದೆ ಒಂದು ಹೂದೋಟ ಹಾಕಿ ಕೊಟ್ಟಿದ್ದ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ "ನಿಮ್ಮಪ್ಪನ ಪಕ್ಕ ನಿಂತಿರೋಳು ಯಾರೇ?" ಎಂದು ನನ್ನನ್ನೇ ಕೇಳಿದಳು. ಆದ್ದರಿಂದ ಈ ಸಲ ಡಬ್ಬ ಹೊಸ್ತಿಲು ದಾಟುವುದಿಲ್ಲ ಎಂದು ಹೇಳಿ, ಅಂಗಡಿಗೆ ಹೋಗಿ ಇದ್ದುದರಲ್ಲೇ ಅಗ್ಗದ ಸ್ಕ್ಯಾನರು ಒಂದನ್ನು ತಂದೆ. ಗಾಜಿನ ಮೇಲೆ ಫೋಟೋ ಬೋರಲು ಹಾಕಿ ಮುಚ್ಚಳ ಮುಚ್ಚುತ್ತಾರಲ್ಲ, ಆ ಥರದ್ದು. ಅಣ್ಣ "ಅದೊಂದು ಆಟದ ಸಾಮಾನು, ಫೋನಲ್ಲೇ ತೆಗೆದ್ರೆ ಆಗಲ್ವಾ" ಎಂದು ಮೂಗು ಮುರಿದ. ಸ್ಟುಡಿಯೋದವನಂತೂ ದಾರಿಯಲ್ಲಿ ನಿಲ್ಲಿಸಿ "ಮೇಡಂ, ಅದು ಕರೆಂಟ್ ಬಿಲ್ಲಿಗೆ ಸರಿ. ನಾನಾದ್ರೆ ಫ್ರೇಮ್ ಕೂಡ ಬಿಚ್ಚಲ್ಲ, ಗಾಜಿನ ಮೇಲಿಂದಾನೇ ಹೊಡ್ಕೊಡ್ತೀನಿ" ಎಂದು ನಕ್ಕ. ಈ ಕೊನೆಯ ಮಾತನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಈಗ ಯಂತ್ರದ ಬಗ್ಗೆ ನ್ಯಾಯವಾಗಿ ಹೇಳುತ್ತೇನೆ, ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ನೋಡಲು ಅಮ್ಮನ ರೊಟ್ಟಿ ಮಣೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ ತೆಳ್ಳಗೆ. ಒಂದೇ ಒಂದು ವೈರು, ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಸಾಕು. ದಪ್ಪ ಬಟ್ಟೆಯ ಮೇಲೆ ಅಮ್ಮನ ಮಿಷಿನ್ನು ನರಳುವ ಹಾಗೆ ನರಳಿಕೊಂಡು ಓಡುತ್ತದೆ. ಎಷ್ಟು ಸೂಕ್ಷ್ಮವಾಗಿ ನೋಡಬೇಕು ಎಂಬ ಡಿಪಿಐ ಲೆಕ್ಕವನ್ನು ಮುನ್ನೂರಕ್ಕೆ ಇಟ್ಟರೆ ಬೇಗ ಮುಗಿಸುತ್ತದೆ, ಆರುನೂರಕ್ಕೆ ಇಟ್ಟರೆ ಒಂದು ಲೋಟ ಕಾಫಿ ಕುಡಿದು ಬರಬಹುದು. ಆದರೆ ಆರುನೂರೇ ಸರಿ: ಪುಟಾಣಿ ಪಾಸ್‌ಪೋರ್ಟ್ ಫೋಟೋದಲ್ಲಿ ನನ್ನ ಕಾಲರಿಗೆ ಅಮ್ಮ ಹಾಕಿದ್ದ ಹೊಲಿಗೆ ಒಂದೊಂದಾಗಿ ಕಂಡಿತು. ಅದಕ್ಕಿಂತ ಮೇಲೆ ಇಟ್ಟರೆ ಫೈಲು ಊದಿಕೊಳ್ಳುತ್ತದೆ, ಹೊಸದೇನೂ ಕಾಣುವುದಿಲ್ಲ. ಕಪ್ಪು ಬಣ್ಣ ಅದಕ್ಕೆ ಆಗಿಬರುವುದಿಲ್ಲ, ಅಪ್ಪನ ಕರಿ ಕೋಟು ಪೂರ್ತಿ ಮಸಿ ಮುದ್ದೆ, ಗುಂಡಿಗಳೆಲ್ಲ ಮಾಯ. ಮಾಸಿದ ಕಲರ್ ಫೋಟೋಗಳಲ್ಲಿ ಎಲ್ಲರಿಗೂ ಜ್ವರ ಬಂದ ಹಾಗೆ ಕೆಂಪು. ಮುಚ್ಚಳ ಹಗುರ, ಸುರುಳಿ ಸುತ್ತಿಕೊಂಡ ಫೋಟೋ ಅದಕ್ಕೆ ಜಗ್ಗುವುದಿಲ್ಲ, ಅದಕ್ಕೇ ಅಮ್ಮನ ಹಳೆಯ ಇಸ್ತ್ರಿಪೆಟ್ಟಿಗೆಯನ್ನು ಮೇಲೆ ಹೇರಿದೆ. ಎಲ್ಲಕ್ಕಿಂತ ದೊಡ್ಡ ದೋಷ ಏನೆಂದರೆ, ಫೋಟೋ ಅದರ ಗಾಜಿಗೆ ಅಂಟಿಕೊಂಡೇ ಇರಬೇಕು. ಕೂದಲೆಳೆಯಷ್ಟು ಮೇಲಿದ್ದರೂ ಮಂಜು ಮಂಜು. ಕಟ್ಟು ಹಾಕಿದ ಫೋಟೋವನ್ನು ಗಾಜಿನ ಸಮೇತ ಇಟ್ಟು ನೋಡಿದೆ, ನಮ್ಮ ಮನೆಯವರೆಲ್ಲ ಹಬೆಯೊಳಗೆ ನಿಂತವರ ಹಾಗೆ ಕಂಡರು.

ಹಾಗಾಗಿ ಊಟದ ಕೋಣೆಯ ಗೋಡೆಯಿಂದ ಇಳಿಸಿದ ಆ ಫೋಟೋವನ್ನು ಬಿಚ್ಚಲೇಬೇಕಾಯಿತು. ಯಾವುದು ಎಂದು ನಿನಗೆ ಗೊತ್ತು. ಅಪ್ಪ ಕುರ್ಚಿಯಲ್ಲಿ, ಅಣ್ಣ ಹಿಂದೆ ಕೊಂಬು ಬಂದವನ ಹಾಗೆ ನಿಂತಿದ್ದಾನೆ, ಹೊಸ ಶೂ ಕಚ್ಚುತ್ತಿದೆ ಎಂದು ನಾನು ಮುಖ ಊದಿಸಿಕೊಂಡಿದ್ದೇನೆ, ಬಲತುದಿಯಲ್ಲಿ ಅಮ್ಮ. ಅಮ್ಮನ ಪಕ್ಕ ನೀನಿದ್ದೆ. ನೀನು ಹೋದ ಮೇಲೆ ಆ ಬದಿಗೆ ಅಗಲವಾದ ಕಪ್ಪು ರಟ್ಟಿನ ಅಂಚು ಬಂತು, ಅಮ್ಮನ ತೋಳು ಮಣಿಕಟ್ಟಿನ ಹತ್ತಿರ ನಿಂತುಹೋಯಿತು. ಬಂದವರು "ಇದೇನ್ರೀ, ನಿಮ್ಮ ಕೈ ಎಲ್ಲಿ?" ಎಂದರೆ ಅಮ್ಮ "ಫೋಟೋದವನು ಅಷ್ಟೇ ಹಿಡಿದ" ಎಂದು ಮಾತು ಮುಗಿಸುತ್ತಿದ್ದಳು. ಹಿಂದಿನ ಮೊಳೆಗಳನ್ನು ಇಕ್ಕಳದಿಂದ ಕಿತ್ತು ಹಲಗೆ ತೆಗೆದೆ. ಫೋಟೋದ ಬೆನ್ನಿಗೆ, ಅಮ್ಮ ನಿಂತ ಜಾಗದ ಹಿಂದೆ, ತೆಳುವಾದ ಅಸ್ತರಿನ ಬಟ್ಟೆಯಲ್ಲಿ ಮಡಚಿಟ್ಟ ಏನೋ ಇತ್ತು. ಬಿಡಿಸಿದರೆ ನೀನು. ಎರಡು ಜಡೆ, ಆ ನೀಲಿ ಲಂಗ, ಗಲ್ಲದ ಮೇಲಿನ ಮಚ್ಚೆ, ಎಲ್ಲ ಹಾಗೇ ಇದ್ದವು. ನಿನ್ನ ಭುಜದ ಮೇಲೆ ಅಮ್ಮನ ಕೈ ಇತ್ತು. ಅಪ್ಪ ಅಷ್ಟು ವರ್ಷ ಆ ಫೋಟೋದ ಎದುರಿಗೇ ಕೂತು ಊಟ ಮಾಡಿದರಲ್ಲ, ಆಗೆಲ್ಲ ನೀನು ಗೋಡೆಯ ಮೇಲೆ ಅಮ್ಮನ ಬೆನ್ನ ಹಿಂದೆಯೇ ಇದ್ದೆ. ನಾನು ಜೋರಾಗಿ ನಕ್ಕೆ, ಆಮೇಲೆ ಅತ್ತೆ, ಅಮ್ಮ ಬಂದು ಬಾಗಿಲಲ್ಲಿ ನಿಂತದ್ದು ಗೊತ್ತೇ ಆಗಲಿಲ್ಲ.

ಸ್ಟುಡಿಯೋದವನಿಗೆ ಕೊಟ್ಟಿದ್ದರೆ ಗಾಜಿನ ಮೇಲಿಂದಲೇ ಹೊಡೆದು ವಾಪಸ್ ಕೊಡುತ್ತಿದ್ದ. ನೀನು ಇನ್ನೂ ಅಲ್ಲೇ ಇರುತ್ತಿದ್ದೆ. ಯಂತ್ರ ಅಗ್ಗದ್ದು, ಅದರ ಕಣ್ಣು ಮಂದ, ಅದರಿಂದಲೇ ನೀನು ಸಿಕ್ಕೆ. ಇನ್ನು ಯಾರಾದರೂ ಅದನ್ನು ಆಟದ ಸಾಮಾನು ಎನ್ನಲಿ, ನೋಡಿಕೊಳ್ಳುತ್ತೇನೆ.

ಎರಡೂ ತುಂಡುಗಳನ್ನು ಗಾಜಿನ ಮೇಲೆ ಜೋಡಿಸಿ ಬೋರಲು ಹಾಕಿ, ಇಸ್ತ್ರಿಪೆಟ್ಟಿಗೆ ಇಟ್ಟು, ಬಟನ್ ಒತ್ತಿದೆ. ಆ ಯಂತ್ರ ಏನು ಮಾಡಿತು ಗೊತ್ತೇ? ಎರಡು ತುಂಡು ಇವೆ ಎಂದು ಕಂಡುಹಿಡಿದು, ನನ್ನನ್ನು ಕೇಳದೆಯೇ ನಿನ್ನದೊಂದು ಫೋಟೋ, ಅವರದೊಂದು ಫೋಟೋ ಎಂದು ಬೇರೆ ಬೇರೆ ಮಾಡಿ ಉಳಿಸಿಬಿಟ್ಟಿತು! ಅದರ ಜೊತೆಗೆ ಧೂಳು ತೆಗೆಯುತ್ತೇನೆ ಎಂದು ನಿನ್ನ ಮಚ್ಚೆಯನ್ನೂ ಅಳಿಸಿತ್ತು. ನಿನ್ನೆ ಮೊನ್ನೆ ಮನೆಗೆ ಬಂದ ಡಬ್ಬಕ್ಕೆ ಅಪ್ಪನ ಬುದ್ಧಿ ಎಲ್ಲಿಂದ ಬಂತು ಎಂದು ಪಿತ್ತ ನೆತ್ತಿಗೇರಿತು. ತಾನಾಗಿ ಬೇರೆ ಮಾಡುವ ಆಯ್ಕೆಯನ್ನು ಹುಡುಕಿ ಆಫ್ ಮಾಡಿದೆ. ಧೂಳು ತೆಗೆಯುವುದನ್ನೂ ಆಫ್ ಮಾಡಿದೆ. ಧೂಳು ನಮ್ಮದೇ, ಇರಲಿ. ಮತ್ತೆ ಒತ್ತಿದೆ. ಈ ಸಲ ಪರದೆಯ ಮೇಲೆ ಮೆಲ್ಲಗೆ ಅಪ್ಪನ ಮಸಿ ಕೋಟು, ಅಣ್ಣನ ಕೊಂಬು, ನನ್ನ ಊದಿದ ಮುಖ, ಅಮ್ಮ, ಅಮ್ಮನ ತೋಳು, ಒಂದು ಬಿಳಿ ಗೆರೆ, ಗೆರೆಯ ಆಚೆ ಅಮ್ಮನ ಕೈ, ಕೈಯ ಕೆಳಗೆ ನೀನು. ಮಚ್ಚೆ ಸಮೇತ.

ಅಮ್ಮ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಳು. ನನಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. ರವಿಕೆಯ ಕಂಕುಳ ಸುತ್ತನ್ನು ಗುರುತು ಹಾಕದೆಯೇ ಕತ್ತರಿಸುವ ದರ್ಜಿ ಅವಳು. ಬೆರಳಿನ ಸುತ್ತ ಕತ್ತರಿ ಆಡಿಸಿ ತನ್ನ ಕೈಯನ್ನು ತನ್ನ ಕಡೆಗೇ ಇಟ್ಟುಕೊಳ್ಳಲು ಅವಳಿಗೆ ಬರುತ್ತಿರಲಿಲ್ಲವೇ? ಅವಳು ಕನ್ನಡಕ ಒರೆಸಿಕೊಂಡು ಹೇಳಿದ್ದು ಇಷ್ಟೇ: "ಕೈ ತಗೊಂಡಿದ್ರೆ ಅವಳ ಭುಜಕ್ಕೆ ತೂತು ಬೀಳ್ತಿತ್ತು ಕಣೆ. ನನ್ನ ಕೈ ಹೋದ್ರೆ ಹೋಗ್ಲಿ ಅಂತ ಬಿಟ್ಟೆ." ಹೇಳಿ ಅಡುಗೆಮನೆಗೆ ಹೋದಳು. ಅಪ್ಪನ ಮಾತು ಮೀರಿದವಳು ಈ ಮನೆಯಲ್ಲಿ ನೀನೊಬ್ಬಳೇ ಎಂದು ಇಷ್ಟು ದಿನ ನಂಬಿದ್ದೆ.

ಅಣ್ಣನಿಗೆ ಕಳಿಸಿದೆ. ಆಮೇಲೆ ಫೋನು ಮಾಡಿ "ಗೆರೆ ಕಾಣುತ್ತೆ, ನೋಡಿದವರು ಏನಂತಾರೆ" ಎಂದ. ಸ್ಟುಡಿಯೋದವನನ್ನು ಆಗಲೇ ಕೇಳಿಯೂ ಆಗಿತ್ತಂತೆ: ಬೇಕಿದ್ದರೆ ನಿನ್ನನ್ನು ಬಿಟ್ಟು, ಅಮ್ಮನಿಗೆ ಕಂಪ್ಯೂಟರಿನಲ್ಲಿ ಒಂದು ಹೊಸ ಕೈ ಬರೆದು ಕೊಡುತ್ತಾನಂತೆ. ಹೊಸ ಕೈ! ನಾನು ಹೇಳಿದೆ, ಅಮ್ಮನಿಗೆ ಇರುವುದು ಎರಡೇ ಕೈ, ಅದರಲ್ಲಿ ಒಂದು ಎಲ್ಲಿದೆ ಎಂದು ಈಗ ಗೊತ್ತಾಗಿದೆ, ಮೂರನೆಯದು ಬೇಡ ಎಂದು. ಅಣ್ಣ ಕೂಗಾಡಿದ. ಹಾಗಾದರೆ ಪುಸ್ತಕದ ಮೇಲೆ ತನ್ನ ಹೆಸರು ಹಾಕಬೇಡಿ ಎಂದ. ಸರಿ, ಹಾಕುವುದಿಲ್ಲ ಎಂದೆ. ಅವನು ಅದನ್ನು ನಿರೀಕ್ಷಿಸಿರಲಿಲ್ಲ ಅಂತ ಕಾಣುತ್ತದೆ. ಕೂಗಾಡಿದ ಗಂಟಲಲ್ಲಿ ಅಲ್ಲ, ಬೇರೆ ದನಿಯಲ್ಲಿ, "ಅವಳ ಆ ನೀಲಿ ಲಂಗ ನನ್ನ ಮೊದಲ ಸಂಬಳದಲ್ಲಿ ತಂದ ಬಟ್ಟೆ" ಎಂದು ಫೋನಿಟ್ಟ. ಅವನಿಗೂ ಒಳಗೆ ಏನೋ ಇದೆ, ಆದರೆ ಅದು ಹೊರಬರುವ ತನಕ ನಾನು ಕೈಕಟ್ಟಿ ಕೂರುವುದಿಲ್ಲ. ಗೆರೆಯನ್ನಾದರೂ ಅಳಿಸಲೇ ಎಂದು ಅಮ್ಮನನ್ನು ಕೇಳಿದೆ. "ಇರ್ಲಿ ಬಿಡೆ. ಕತ್ತರಿಸಿದ್ದು ನಾನು. ನೋಡ್ಬೇಕಾದೋಳೂ ನಾನೇ" ಎಂದಳು. ಆ ಗೆರೆಯ ಸಮೇತ, ಮೊದಲ ಪುಟಕ್ಕೇ ಎಂದು ಬರೆದು, ಅಚ್ಚಿನ ಮನೆಗೆ ನಾನೇ ಕಳಿಸಿದ್ದೇನೆ. ಅಚ್ಚು ಶುರುವಾಗಿದೆ. ಇನ್ನು ಯಾರು ಕುಣಿದರೂ ನಿನ್ನನ್ನು ತೆಗೆಯಲು ಆಗುವುದಿಲ್ಲ.

ಕಾಲು ಜೋಪಾನ. ರಾತ್ರಿ ಊಟ ಬಿಡಬೇಡ, ಒಬ್ಬಳಿಗೆ ಏನು ಮಾಡುವುದು ಎಂದು ಬ್ರೆಡ್ಡು ತಿಂದು ಮಲಗಬೇಡ. ಪುಸ್ತಕ ಕೈಗೆ ಬಂದ ದಿನವೇ ನಿನ್ನ ಪ್ರತಿಯನ್ನು ಅಂಚೆಗೆ ಹಾಕುತ್ತೇನೆ. ಮೊದಲ ಪುಟ ಬಿಡಿಸುವಾಗ ಕೂತುಕೊಂಡೇ ಬಿಡಿಸು.

ಯಾರಿಗೂ ಬಗ್ಗದ,
ನಿನ್ನ ಮೆಣಸಿನಕಾಯಿ

ತಾಜಾಕಲಂ: ಕವರು ಅಂಟಿಸಲು ಹೋದೆ, ಅಮ್ಮ ಬಂದು ಏನು ಬರೆದಿದ್ದೀಯ ಓದು ಎಂದು ಪಟ್ಟು ಹಿಡಿದಳು. ಪೂರ್ತಿ ಓದಿಸಿಕೊಂಡಳು. ಅಂಚೆಗೆ ಹಾಕುತ್ತೇನೆ ಎಂದಲ್ಲಿಗೆ ಬಂದಾಗ ತಡೆದಳು, ತಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ, ಬರೆಯುತ್ತಿದ್ದೇನೆ: "ಪೋಸ್ಟಲ್ಲಿ ಕಳಿಸ್ಬೇಡ. ಬಂದು ನನ್ನ ಕೈಯಿಂದಾನೇ ತಗೊಳ್ಳಲಿ. ಬಾ ಅಂತ ಬರಿ. ಅಮ್ಮ ಕರೀತಿದ್ದಾಳೆ ಅಂತ ಬರಿ." ಬರೆದಿದ್ದೇನೆ ಅಕ್ಕಾ. ಅಳತೆಯ ಟೇಪು ಆಗಲೇ ಕತ್ತಿನಲ್ಲಿ ಹಾಕಿಕೊಂಡು ಕೂತಿದ್ದಾಳೆ, ನಿನ್ನ ಹಳೆಯ ಅಳತೆ ಈಗ ಆಗುವುದಿಲ್ಲವಂತೆ.