ಮೂವತ್ತಮೂರನೇ ತಲೆ

ಬಸ್ ಶೆಡ್ಡು, ಹಿಂದಿನ ಸಾಲಿನ ಸೀಟು
ಗುರುವಾರ, ತಾರೀಕು ಹದಿನಾಲ್ಕು

ಪ್ರೀತಿಯ ಅಪ್ಪಾ,

ಹೇಗಿದೀಯ? ಮಂಡಿ ನೋವು ಹೇಗಿದೆ? ಅಷ್ಟು ಹೊತ್ತು ಕಲ್ಲಿನ ಮೇಲೆ ಕೂತಿದ್ದಕ್ಕೆ ಸೊಂಟ ಹಿಡ್ಕೊಂಡಿಲ್ಲ ತಾನೇ? ಅಕ್ಕನ ಕೈಲಿ ಎಣ್ಣೆ ಹಚ್ಚಿಸ್ಕೊ, ನಾಚ್ಕೋಬೇಡ. ನೋಡು, ಮೊದಲು ಆರೋಗ್ಯ ಕೇಳ್ದೆ. ಕಾಗದ ಅಂದ್ರೆ ಆರೋಗ್ಯ ಮೊದಲು, ಸಮಾಚಾರ ಆಮೇಲೆ ಅಂತ ನೀನೇ ಹೇಳಿದ್ದು. ನಿಜವಾದ ಕಾಗದವೇ ಬರೀತಿದ್ದೆ, ಆದ್ರೆ ಅದನ್ನ ಅಕ್ಕ ಓದಿ ಹೇಳ್ಬೇಕಾಗತ್ತೆ, ಇದು ಅವಳ ಕಿವಿಗೆ ಬೀಳೋ ಮಾತಲ್ಲ. ಅದಕ್ಕೇ ಫೋನಲ್ಲೇ ಮಾತಾಡಿ ಕಳಿಸ್ತಿದೀನಿ. ನೀನು ಫೋನ್ ಎತ್ತದೇ ಒಂಬತ್ತು ದಿನ ಆಯ್ತು. ಎತ್ತಬೇಡ, ಬಿಡು. ಮಾತೂ ಬೇಡ. ಕಿವಿ ಹತ್ರ ಇಟ್ಕೊಂಡು ಕೇಳಿದ್ರೆ ಸಾಕು.

ನಾನು ಚೆನ್ನಾಗಿದೀನಿ. ಮೂರು ವರ್ಷದಲ್ಲಿ ನಾಲ್ಕು ಕೆಲಸ ಬಿಟ್ಟೋನು ಇನ್ನೂ ಇದೇ ಗೈಡ್ ಕೆಲಸದಲ್ಲಿದೀನಿ, ಅದೇ ದೊಡ್ಡ ಸಮಾಚಾರ. ಇವತ್ತೂ ಅದೇ ಟ್ರಿಪ್ಪು. ಬೆಳಗ್ಗೆ ಫಾಲ್ಸು, ಆಮೇಲೆ ಗುಹೆ, ಮಧ್ಯಾಹ್ನಕ್ಕೆ ಸರಿಯಾಗಿ ಬೆಳಕಿನ ಗುಂಡಿ. ಅದೇ ಮೈಕು, ಅದೇ ಜೋಕು. ಫಾಲ್ಸ್ ಹತ್ರ 'ನೂರಿಪ್ಪತ್ತು ಅಡಿ ಎತ್ತರ, ಹಾಲಿನ ಹಾಗೆ ನೊರೆ' ಅಂತ ಬಾಯಿಪಾಠ ಒಪ್ಪಿಸ್ತಿದ್ದೆ, ನಿನ್ನ ಮಾತು ನೆನಪಾಗಿ ನಡುವೆ ನಿಂತೋಯ್ತು. ನನ್ನ ಜೊತೆ ಬಸ್ಸಲ್ಲಿ ಬಂದಿದ್ದೆಯಲ್ಲ, ಅವತ್ತು ನೀನು ಅಲ್ಲಿ ಕಂಬಿ ಹಿಡ್ಕೊಂಡು, ಯಾರ ಮೇಲೋ ಸಿಟ್ಟು ಬಂದೋನ ಹಾಗೆ, 'ಒಂದು ಬುಟ್ಟಿ ಮಣ್ಣು ಎತ್ತದೇ ಇಷ್ಟು ನೀರಾ!' ಅಂದೆ. ಎಲ್ಲ ನಕ್ಕರು. ನಲವತ್ತು ವರ್ಷ ಬಾವಿ ತೋಡಿದೋನು ಹಾಗಂದ ಅಂತ ಅವರಿಗೇನು ಗೊತ್ತು? ಗುಹೆಯಲ್ಲೂ ಹಾಗೇ. ಇದು ಆನೆ ಸೊಂಡಿಲು, ಇದು ಮುದುಕಿ ಮೂಗು ಅಂತ ನಾನು ಟಾರ್ಚ್ ಬಿಡ್ತಿದ್ರೆ, ನೀನು ಬೆರಳ ಗಿಣ್ಣಲ್ಲಿ ಗೋಡೆ ಕುಟ್ಟಿ, ಕಿವಿ ಇಟ್ಟು, 'ಇದರ ಹಿಂದೆ ಇನ್ನೊಂದು ಕೋಣೆ ಇದೆ' ಅಂದೆ. ಇವತ್ತು ಅದನ್ನೂ ಮೈಕಲ್ಲಿ ಹೇಳ್ದೆ. ನಾನೇ ಕಂಡುಹಿಡಿದೋನ ಹಾಗೆ ಹೇಳ್ದೆ. ಮೂವತ್ತು ಜನ ಸಾಲಾಗಿ ಗೋಡೆಗೆ ಕಿವಿ ಇಟ್ಟರು.

ಒಂದು ಮಾತು ಒಪ್ಕೋಬೇಕು. 'ನೀನು ಊರೋರಿಗೆಲ್ಲ ತೋರ್ಸೋದನ್ನ ನಂಗೂ ಒಂದ್ಸಲ ತೋರ್ಸೋ' ಅಂತ ನೀನು ಬಂದಾಗ ನಂಗೆ ಖುಷಿ ಆಯ್ತು, ಸುಳ್ಳಲ್ಲ. ಆದ್ರೆ ಕೆಲಸದೋರ ಮನೆಯೋರನ್ನ ಬಸ್ ಹತ್ತಿಸ್ಬಾರದು ಅಂತ ಇಲ್ಲಿ ಕಟ್ಟುನಿಟ್ಟು. ಅವತ್ತೇ ಮಾಲೀಕರ ಬಾಮೈದ ಮುಂದಿನ ಸೀಟಲ್ಲಿ ಬಂದು ಕೂರ್ಬೇಕಾ! ಅದಕ್ಕೇ ನಿನ್ನ ಕಿವಿಯಲ್ಲಿ, ಹಿಂದೆ ಕೂತ್ಕೊ, ಬಸ್ಸಲ್ಲಿ ನನ್ನನ್ನ 'ಮಗಾ' ಅಂತ ಕರೀಬೇಡ ಅಂದೆ. ಬೇರೆ ಅಪ್ಪ ಆಗಿದ್ರೆ ಕಪಾಳಕ್ಕೆ ಬಿಡ್ತಿದ್ದ. ನೀನು ಕಣ್ಣು ಮಿಟುಕಿಸಿ 'ಆಯ್ತು ಗೈಡ್ ಸಾರ್' ಅಂದೆ. ದಾರಿಯುದ್ದಕ್ಕೂ ಅದೇ ಆಟ. 'ಗೈಡ್ ಸಾರ್, ಈ ಬಂಡೆಗೆ ವಯಸ್ಸೆಷ್ಟು? ಗೈಡ್ ಸಾರ್, ನಿಮಗೆ ಮದುವೆ ಆಗಿದ್ಯಾ?' ಅಂತ. ಆಗಿಲ್ಲ ಯಜಮಾನ್ರೇ ಅಂದ್ರೆ, 'ಯಾಕೆ, ನಿಮ್ಮಪ್ಪಂಗೆ ಜವಾಬ್ದಾರಿ ಇಲ್ವಾ?' ಅಂತ ನೀನೇ ಕೇಳ್ದೆ. ಡ್ರೈವರಣ್ಣಂಗೆ ಮಾತ್ರ ವಿಷಯ ಗೊತ್ತಿತ್ತು, ಸ್ಟೇರಿಂಗ್ ಮೇಲೆ ಬಗ್ಗಿ ನಗ್ತಿದ್ದ. ನಿನ್ನನ್ನ ಅಷ್ಟು ಹಗುರಾಗಿ ನಾನು ಯಾವತ್ತೂ ನೋಡಿರ್ಲಿಲ್ಲ ಅಪ್ಪಾ.

ನಂಗೆ ಎಂಟು ವರ್ಷ ಇದ್ದಾಗ ಬಾವಿ ಬಾಯಲ್ಲಿ ಹಗ್ಗ ಕಾಯೋಕೆ ಕೂರಿಸ್ತಿದ್ದೆಯಲ್ಲ, ನೆನಪಿದ್ಯಾ? ಕೆಳಗಿನ ಕತ್ತಲಲ್ಲಿ ನೀನು ಕಾಣ್ತಾನೇ ಇರ್ಲಿಲ್ಲ. ಹಾರೆ ಸದ್ದು ನಿಂತ ಕೂಡಲೇ 'ಮೇಲಿದೀಯೇನೋ ಮಗಾ?' ಅಂತ ಕೂಗ್ತಿದ್ದೆ. ನಾನು 'ಇದೀನಪ್ಪಾ' ಅನ್ನೋ ತನಕ ಮುಂದಿನ ಏಟು ಹಾಕ್ತಿರ್ಲಿಲ್ಲ. ಒಂದ್ಸಲ ಗಾಳಿಪಟದ ಹಿಂದೆ ಓಡಿ ಹೋಗಿದ್ದೆ. ವಾಪಸ್ ಬಂದ್ರೆ ನೀನು ಹಾರೆ ಕೆಳಗಿಟ್ಟು ಮೇಲೇ ನೋಡ್ತಾ ನಿಂತಿದ್ದೆ. ಬೈಲಿಲ್ಲ, ಹೊಡೀಲಿಲ್ಲ. 'ಕೆಳಗಿರೋನಿಗೆ ಆಕಾಶ ಅಂದ್ರೆ ಮೇಲಿರೋನ ತಲೆ ಕಣೋ' ಅಂದೆ ಅಷ್ಟೇ.

ಬೆಳಕಿನ ಗುಂಡಿ ನಿನಗೇ ಅಂತ ಮಾಡಿದ ಹಾಗಿತ್ತು. ನೆತ್ತಿ ಮೇಲಿನ ಬಿಸಿಲು ನೆಟ್ಟಗೆ ತಳಕ್ಕಿಳಿದು ಅಲ್ಲಿನ ನೀರು ದೀಪ ಹಚ್ಚಿದ ಹಾಗಾಗತ್ತೆ, ಹತ್ತೇ ನಿಮಿಷ. ಜನ ಫೋಟೋ ಹೊಡ್ಕೊಂಡು ಹೊರಟರು. ನೀನು ಅಲ್ಲಾಡಲಿಲ್ಲ. 'ಬಾವಿನ ಮೇಲಿಂದ ನೋಡಿದ್ರೆ ಇಷ್ಟು ಚೆಂದ ಇರತ್ತಾ' ಅಂದಿದ್ದು ಕೇಳಿಸ್ಕೊಂಡೇ ನಾನು ಬಸ್ ಹತ್ರ ಬಂದೆ. ಸೀಟಿ ಊದಿದೆ. ಸೀಟಿನ ಬೆನ್ನು ಮುಟ್ಟಿ ಮುಟ್ಟಿ ತಲೆ ಎಣಿಸ್ದೆ. ಪಟ್ಟಿಯಲ್ಲಿ ಮೂವತ್ತೆರಡು, ಬಸ್ಸಲ್ಲೂ ಮೂವತ್ತೆರಡು. ಸರಿ ಇದೆ, ಬಿಡಣ್ಣ ಅಂದೆ. ನೀನು ಪಟ್ಟಿಯಲ್ಲಿರ್ಲಿಲ್ಲ.

ಊಟದ ಹೋಟೆಲಲ್ಲಿ ಬಸ್ ನಿಂತಾಗ ಹಿಂದಿನ ಸೀಟಲ್ಲಿ ನಿನ್ನ ಟವೆಲ್ ಒಂದೇ ಇತ್ತು. ಆಗ್ಲೇ ನೀನಿಲ್ಲ ಅಂತ ಗೊತ್ತಾಗಿದ್ದು. ಹೋಟೆಲ್ ಹುಡುಗನ ಬೈಕ್ ಕೇಳ್ಕೊಂಡು ನಾನು ಬಂದು ಸೇರೋ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ನೀನು ಗುಂಡಿ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದೆ, ಚಪ್ಪಲಿ ಒಂದು ಕಿತ್ತಿತ್ತು. ಎದ್ದು ನಿಂತು 'ನನ್ನಿಂದ ಬಸ್ಸಿನೋರಿಗೆಲ್ಲ ತಡ ಆಯ್ತಾ ಗೈಡ್ ಸಾರ್?' ಅಂದೆ. ಸುತ್ತ ಒಂದು ನರಪಿಳ್ಳೆ ಇರ್ಲಿಲ್ಲ ಅಪ್ಪಾ, ಕಣ್ಣೂ ಮಿಟುಕಿಸ್ಲಿಲ್ಲ ನೀನು. ಬೈಕಲ್ಲಿ ನನ್ನ ಹೆಗಲು ಹಿಡೀಲಿಲ್ಲ, ಹಿಂದಿನ ಕಂಬಿ ಹಿಡ್ಕೊಂಡೆ. ಮಾರನೇ ಬೆಳಗ್ಗೆ ನಾನೇಳೋ ಹೊತ್ತಿಗೆ ನೀನು ಚಾಪೆ ಮಡಚಿಟ್ಟು ಊರಿಗೆ ಹೋಗಿಬಿಟ್ಟಿದ್ದೆ.

ತಪ್ಪಾಯ್ತಪ್ಪಾ, ಹೊಟ್ಟೆಗೆ ಹಾಕ್ಕೊ. ಟವೆಲ್ ಒಗೆದಿಟ್ಟಿದೀನಿ. ಅಕ್ಕಂಗೆ ಕೇಳ್ದೆ ಅಂತ ಹೇಳು, ಅವಳ ಮಗೂಗೆ ಒಂದು ಮುತ್ತು ಕೊಡು. ನಿನ್ನ ಕಾಲು ಹಿಡ್ಕೊಂಡೆ ಅಂದ್ಕೊಂಡು ಆಶೀರ್ವಾದ ಮಾಡು.

ನಿನ್ನ ಮಗ

ಇನ್ನೊಂದೇ ಮಾತು, ಇದನ್ನ ಹೇಳದೇ ಮಲಗೋಕಾಗಲ್ಲ. ನೀನಿಲ್ಲ ಅಂತ ಹೋಟೆಲಲ್ಲಿ ಗೊತ್ತಾಯ್ತು ಅಂದ್ನಲ್ಲ, ಅದು ಸುಳ್ಳು. ಬಸ್ಸು ಗೇಟ್ ದಾಟಿ ತಿರುಗ್ತಿತ್ತು, ನಾನು ಮೈಕ್ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ನೀನು ಹಿಂದೆ ಓಡಿ ಬರ್ತಾ 'ಗೈಡ್ ಸಾರ್, ಗೈಡ್ ಸಾರ್' ಅಂತ ಕೂಗ್ದೆ. ಅಷ್ಟಾದ್ರೂ ನಾನು ಹೇಳಿಕೊಟ್ಟಿದ್ದನ್ನ ಮರೀಲಿಲ್ಲ ನೀನು. ಬಾಮೈದ ತಲೆ ಎತ್ತಿ, ಯಾರ್ರೀ ಅದು ಕೂಗ್ತಿರೋದು ಅಂದ. ಯಾರೋ ಟೋಪಿ ಮಾರೋರು ಸಾರ್ ಅಂದೆ. ಬಾಗಿಲು ಎಳ್ಕೊಂಡು ಮೈಕಲ್ಲಿ ಜೋಕ್ ಹೇಳ್ದೆ, ಎಲ್ಲ ನಕ್ಕರು. 'ಮಗಾ' ಅಂತ ಕೂಗಿದ್ರೆ ಬಸ್ ನಿಲ್ಲಿಸ್ತಿದ್ದೆ ಅಂತ ಒಂಬತ್ತು ದಿನದಿಂದ ನಂಗೆ ನಾನೇ ಹೇಳ್ಕೋತಿದೀನಿ. ಅದೂ ಸುಳ್ಳೇ ಇರ್ಬೇಕು. ನೀನು ಕೂಗಿದ್ದು ಕೇಳಿಸ್ತಪ್ಪಾ. ನಾನು ಮೇಲೇ ಇದ್ದೆ.