ಅಜ್ಜಿಯ ಕತೆ ಮೊದಲು ಹೇಳು

ಅಮ್ಮ, ನಿನ್ನನ್ನು ಎಬ್ಬಿಸಲು ಧೈರ್ಯವಾಗಲಿಲ್ಲ.

ನಿನ್ನೆ ನೀನು ಇವತ್ತಿನ ಸಭೆಯಲ್ಲಿ ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಮಾತಾಡಿ ತೋರಿಸುವಾಗ ನಾನು ಸಾಲು ಸಾಲಿಗೂ ತಡೆದು ತಿದ್ದಿದೆ. "ನನ್ ಕೈಲಾಗಲ್ಲ, ಬೇರೆ ನರ್ಸ್ ಯಾರಾದ್ರೂ ಮಾತಾಡ್ಲಿ" ಅಂತ ನೀನು ಊಟ ಬಿಟ್ಟು ಎದ್ದೆ. ಬೇರೆಯವರು ಬೇಡ. ಸುಟ್ಟಗಾಯದ ವಾರ್ಡಿಗೆ ಇನ್ನಿಬ್ಬರು ನರ್ಸ್‌ಗಳು ಬೇಕೆಂದು ನೀನು ಹೇಳಿದರೇ ಆಸ್ಪತ್ರೆಯ ದೊಡ್ಡವರಿಗೆ ನಾಟುತ್ತದೆ.

ನಾನು ತುರುಕಿದ ಭಾರೀ ಪದಗಳನ್ನೆಲ್ಲ ಸ್ಲೈಡುಗಳಿಂದ ಅಳಿಸಿದ್ದೇನೆ. ನೀನು ಒಬ್ಬರ ಗಾಯ ಕಟ್ಟುವಾಗ ಪಕ್ಕದ ಹಾಸಿಗೆಯ ಅಜ್ಜಿ ನೀರಿಗಾಗಿ ಕಾದ ಕತೆಯನ್ನು ಬೇಡವೆಂದು ತೆಗೆಸಿದ್ದೆನಲ್ಲ, ಅದನ್ನೇ ಮೊದಲಿಗೆ ಹಾಕಿದ್ದೇನೆ. ಪರದೆ ನೋಡಿ ಓದಬೇಡ. ನನಗೆ ಹೇಳಿದ ಹಾಗೇ ಹೇಳು.

ತಿಂಡಿ ಮುಚ್ಚಿಟ್ಟಿದೆ, ತಿಂದು ಹೋಗು.

ನಡುವೆ ಪದ ಸಿಗದಿದ್ದರೆ ಸುಮ್ಮನೆ ನಿಂತು ಉಸಿರು ತೆಗೆದುಕೋ. ಸಾರಿ ಅನ್ನಬೇಡ. ಅದನ್ನು ಹೇಳಬೇಕಾದವಳು ನಾನು.

ನಿನ್ನ ಬಾಯಿಬಡುಕಿ