ಆರು ನಿಮಿಷದ ನಡಿಗೆ

ತಮ್ಮಾ,

ಮನಸ್ಸಿನಲ್ಲಿರುವುದನ್ನು ಯಾರಿಗಾದರೂ ಬರೆಯಿರಿ ಎಂದು ನರ್ಸಮ್ಮ ಪೆನ್ನು ಕೈಗೆ ತುರುಕಿದ್ದಾಳೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇದೆಂಥ ಶಿಕ್ಷೆ. ನೀನು ತೀರಿಕೊಂಡು ಮೂರು ವರ್ಷವಾಯಿತು, ಹಾಗಾಗಿ ಕಾಗುಣಿತದ ತಪ್ಪು ಹುಡುಕುವವರಿಲ್ಲ.

ವಿಷಯ ಕೇಳು. ನಿನ್ನ ಹಾಗೆಯೇ ನನ್ನ ಹೃದಯವೂ ಸೋತಿತ್ತು. ಈಗ ಎದೆಯೊಳಗೆ ಪಂಪು ಕೂತಿದೆ, ಸೊಂಟದಲ್ಲಿ ಅದರ ಬ್ಯಾಟರಿ. ಬೆಳಿಗ್ಗೆ ಈ ಪಂಪಿನ ಸಂಶೋಧನೆಯವರು ಆಸ್ಪತ್ರೆಯ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿದರು. ಪಂಪಿಗೆ ಮುಂಚೆ ಅರವತ್ತು ಮೀಟರಿಗೇ ಕುಸಿದು ಕೂತಿದ್ದೆ. ಇವತ್ತು ಮುನ್ನೂರ ಎಂಬತ್ತು ಕಣೋ.

"ಅಜ್ಜಾ, ಓಡ್ಬೇಡಿ, ಇದು ನಡೆಯೋ ಪರೀಕ್ಷೆ" ಅಂದಳು ಅಳೆಯುವ ಹುಡುಗಿ.

"ನಾನು ನಡೆಯೋದೇ ಹೀಗೆ. ನೀನು ಸರಿಯಾಗಿ ಬರ್ಕೋ" ಅಂದೆ.

ನನಗೆ ಪಂಪು ಹಾಕಿದ ಡಾಕ್ಟರೇ ನಿನಗೂ ಇದನ್ನೇ ಹಾಕುತ್ತೇವೆ ಅಂದಿದ್ದರು. ಸಹಿ ಹಾಕುವ ಮೊದಲು ನೀನು ನನ್ನ ಮುಖ ನೋಡಿದ್ದೆ. "ಇಲಿ ಹಂದಿಗಳ ಮೇಲೆ ಪ್ರಯೋಗ ಮಾಡ್ಕೊಳ್ಳಿ, ನನ್ನ ತಮ್ಮನ ಮೇಲೆ ಬೇಡ" ಅಂದಿದ್ದೆ ನಾನು. ನೀನು ಸಹಿ ಹಾಕಲಿಲ್ಲ. ಡಾಕ್ಟರು ಅದನ್ನು ಮರೆತಿಲ್ಲ, ಎತ್ತಿ ಆಡುವುದೂ ಇಲ್ಲ.

ಹದಿನಾಲ್ಕನೇ ತಾರೀಕಿಗೆ ಹೊಸ ರೋಗಿಯೊಬ್ಬ ಬರುತ್ತಾನೆ, ಪಂಪು ಬೇಡ ಎಂದು ಹಟ ಹಿಡಿದ ಅವನ ಅಣ್ಣನೂ ಜೊತೆಗೆ. ಆ ಅಣ್ಣನ ಹತ್ತಿರ ನಾನು ಮಾತಾಡಬೇಕಂತೆ. ನನ್ನ ನಡಿಗೆಯನ್ನು ಎದೆ ಉಬ್ಬಿಸಿ ಹೇಳುತ್ತೇನೆ. ನಿನ್ನ ವಿಷಯ ಹೇಳಲೋ ಬೇಡವೋ? ಹದಿಮೂರರೊಳಗೆ ಉತ್ತರ ಬರೆ.